ಸಂಧಿವಾತ ಇರುವ ಮಗುವಿನ ಪಾದದ ಆರೈಕೆ: ಮೊದಲು ಸಾಕ್ಸ್ ಬಿಚ್ಚಿ ನೋಡಿ

ನನ್ನ ಮಗಳ ಕಾಲು ಊದಿದ್ದನ್ನು ಮೊದಲು ಕಂಡುಹಿಡಿದದ್ದು ಡಾಕ್ಟರ್ ಅಲ್ಲ, ನಾನೂ ಅಲ್ಲ. ನಮ್ಮ ಬೀದಿಯ ಅಕ್ಕಸಾಲಿಗರು. ಅವಳಿಗೆ ಆಗ 4 ವರ್ಷ. ಎಡಗಾಲಿನ ಬೆಳ್ಳಿ ಗೆಜ್ಜೆಯ ಕೊಂಡಿ ಹಾಕಲು ಬರುತ್ತಿರಲಿಲ್ಲ. ಮಗು ಮೈ ತುಂಬಿಕೊಂಡಿದೆ, ಎರಡು ಕೊಂಡಿ ಸೇರಿಸಿ ಕೊಡಿ ಅಂತ ಕರೆದುಕೊಂಡು ಹೋದೆ. ಅವರು ಅವಳನ್ನು ಎದುರಿಗೆ ಕೂರಿಸಿಕೊಂಡು, ಅದೇ ಗೆಜ್ಜೆಯನ್ನು ಆ ಕಾಲಿಗೊಮ್ಮೆ ಈ ಕಾಲಿಗೊಮ್ಮೆ ಸುತ್ತಿ ನೋಡಿದರು. "ಅಕ್ಕಾ, ಬಲಗಾಲಿಗೆ ಸರಿಯಾಗೇ ಆಗ್ತಿದೆ. ಗೆಜ್ಜೆ ಚಿಕ್ಕದಾಗಿಲ್ಲ, ಈ ಕಾಲು ಊದಿದೆ" ಅಂದರು.

ಹೆಸರು ಸಿಗಲು ಇನ್ನೂ ಎರಡು ತಿಂಗಳಾಯಿತು. ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್, ಚಿಕ್ಕದಾಗಿ ಜೆಐಎ. 16 ವರ್ಷ ತುಂಬುವುದರೊಳಗೆ ಶುರುವಾಗಿ, ಕನಿಷ್ಠ 6 ವಾರ ಇದ್ದು, ಬೇರೆ ಯಾವ ಕಾರಣವೂ ಸಿಗದ ಕೀಲಿನ ಉರಿಯೂತಕ್ಕೆ ಈ ಹೆಸರು. ನಡುವೆ ಒಬ್ಬರು "ಆರ್‌ಎ ಫ್ಯಾಕ್ಟರ್ ನೆಗೆಟಿವ್ ಇದೆ, ಸಂಧಿವಾತ ಅಲ್ಲ ಬಿಡಿ" ಅಂದಿದ್ದರು. ಜೆಐಎ ಇರುವ ಹೆಚ್ಚಿನ ಮಕ್ಕಳಲ್ಲಿ ಆ ರಕ್ತದ ಟೆಸ್ಟ್ ನೆಗೆಟಿವ್ವೇ ಬರುತ್ತದೆ ಅಂತ ಆಮೇಲೆ ತಿಳಿಯಿತು.

ಈಗ ಅವಳಿಗೆ 9. ಈ ಐದು ವರ್ಷದಲ್ಲಿ ಎಷ್ಟೋ ಸಲ ಆಸ್ಪತ್ರೆಗೆ ಹೋಗಿದ್ದೇವೆ. ಮಂಡಿ ಮಡಚಿ ನೋಡುತ್ತಾರೆ, ಬೆರಳು ಒತ್ತಿ ನೋಡುತ್ತಾರೆ, ಕಣ್ಣಿನ ಪರೀಕ್ಷೆಗೆ ಕಳಿಸುತ್ತಾರೆ. ಆದರೆ ಎಷ್ಟೋ ಸಲ ಅವಳ ಶೂ ಕಾಲಲ್ಲೇ ಇರುತ್ತಿತ್ತು. ಹೊರಗೆ ಬೆಂಚಿನ ಮೇಲೆ ಕೂತ ಬೇರೆ ಅಪ್ಪ ಅಮ್ಮಂದಿರದ್ದೂ ಅದೇ ಮಾತು. ಬ್ರಿಟನ್‌ನಂಥ ಕಡೆ ಪೊಡಿಯಾಟ್ರಿಸ್ಟ್ ಅಂತ ಪಾದಕ್ಕೇ ಬೇರೆ ತಜ್ಞರಿರುತ್ತಾರೆ. ನಮ್ಮಲ್ಲಿ ಅವರು ಸಿಗುವುದು ಅಪರೂಪ. ಆ ಕೆಲಸ ಸ್ವಲ್ಪ ಫಿಸಿಯೋಥೆರಪಿಸ್ಟ್‌ಗೆ, ಸ್ವಲ್ಪ ಮೂಳೆ ಡಾಕ್ಟರಿಗೆ, ಸ್ವಲ್ಪ ಕಾಲಿನ ಸಾಧನ ಮಾಡಿಕೊಡುವ ಆರ್ಥೋಟಿಸ್ಟ್‌ಗೆ ಹಂಚಿಹೋಗಿದೆ. ಹಾಗಾಗಿ ಪಾದದ ವಿಚಾರ ನಾವು ಕೇಳಿದರೆ ಉಂಟು, ಕೇಳದಿದ್ದರೆ ಇಲ್ಲ. ಏನು ಕೇಳಬೇಕು, ಮನೆಯಲ್ಲಿ ಏನು ಮಾಡಬೇಕು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಉರಿಯೂತ ಇಳಿಸುವುದು ಔಷಧಿ. ಎಂಥಾ ಶೂ ಹಾಕಿದರೂ ಆ ಕೆಲಸ ಆಗುವುದಿಲ್ಲ. ಚಪ್ಪಲಿ ಬದಲಾಯಿಸಿದೆವು ಅಂತ ಔಷಧಿ ನಿಲ್ಲಿಸಬೇಡಿ.

ಹೆಜ್ಜೆ 1: ಭಾನುವಾರದ ಹತ್ತು ನಿಮಿಷ

ಒಂದು ಪಾದದಲ್ಲಿ 26 ಮೂಳೆ, 30ಕ್ಕೂ ಹೆಚ್ಚು ಕೀಲು. ಎಲ್ಲಿ ಏನಾಗಿದೆ ಅಂತ ಮಗು ಹೇಳುವುದಿಲ್ಲ. ನೋವು ಅಂತಲೂ ಹೇಳುವುದಿಲ್ಲ. "ಎತ್ಕೋ ಅಮ್ಮ" ಅನ್ನುತ್ತದೆ, ಅಷ್ಟೇ. ಬೆಳಿಗ್ಗೆ ಎದ್ದ ಕೂಡಲೇ ಕುಂಟುತ್ತದೆ, 10 ಗಂಟೆಗೆ ಓಡಾಡುತ್ತಿರುತ್ತದೆ. ಒಂದು ಸಿನಿಮಾ ಪೂರ್ತಿ ಕೂತು ಎದ್ದಾಗ ಮತ್ತೆ ಕಾಲು ಹಿಡಿದುಕೊಳ್ಳುತ್ತದೆ. ಬೆಳೆಯುವ ಮಕ್ಕಳಿಗೆ ಬರುವ ಮಾಮೂಲಿ ಕಾಲುನೋವು ಹೀಗಿರುವುದಿಲ್ಲ. ಅದು ಸಂಜೆ ಇಲ್ಲವೇ ರಾತ್ರಿ ಬರುತ್ತದೆ, ಸಾಮಾನ್ಯವಾಗಿ ಎರಡೂ ಕಾಲಿಗೆ. ಬೆಳಿಗ್ಗೆ ಅದರ ಸುಳಿವೇ ಇರುವುದಿಲ್ಲ.

ವಾರಕ್ಕೊಮ್ಮೆ, ಸ್ನಾನ ಆದ ಮೇಲೆ, ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಿಸಿ. ಎರಡೂ ಪಾದ ಜೋಡಿಸಿ ನೋಡಿ. ಕಾಲಿನ ಗಿಣ್ಣಿನ ಮೂಳೆ ಎರಡೂ ಕಡೆ ಒಂದೇ ಥರ ಎದ್ದು ಕಾಣುತ್ತಿದೆಯಾ? ಆಮೇಲೆ ಎದ್ದು ನಿಲ್ಲಿಸಿ ಹಿಂದಿನಿಂದ ನೋಡಿ. ಹಿಮ್ಮಡಿಯ ಮೇಲೆ ಹಗ್ಗದ ಹಾಗೆ ಗಟ್ಟಿ ನರ (ಡಾಕ್ಟರ ಮಾತಲ್ಲಿ ಟೆಂಡನ್) ಇರುತ್ತದಲ್ಲ, ಅದರ ಆಚೆ ಈಚೆ ಎರಡು ಗುಳಿ ಇರಬೇಕು. ಊತ ಬಂದರೆ ಆ ಗುಳಿ ಮುಚ್ಚಿಹೋಗುತ್ತದೆ. ನಮ್ಮ ಮಗಳಿಗೆ ಉರಿಯೂತ ಮರುಕಳಿಸಿದ ಎರಡು ಸಲವೂ ಮೊದಲು ಗೊತ್ತಾಗಿದ್ದು ಇಲ್ಲಿಂದಲೇ. ಹಿಮ್ಮಡಿ ಒಳಗೋ ಹೊರಗೋ ವಾಲಿದೆಯಾ ಅನ್ನುವುದೂ ಹಿಂದಿನಿಂದಲೇ ಕಾಣುತ್ತದೆ.

ಬಿಸಿ ಇದೆಯಾ ಅಂತ ಅಂಗೈಯಲ್ಲಿ ಅಲ್ಲ, ಕೈಯ ಹಿಂಭಾಗದಿಂದ ಮುಟ್ಟಿ ನೋಡಿ. ಬೆರಳುಗಳ ಬುಡವನ್ನು ಎರಡೂ ಪಕ್ಕದಿಂದ ಮೆತ್ತಗೆ ಒತ್ತಿ. ಒತ್ತುವಾಗ ನಿಮ್ಮ ಕಣ್ಣು ಪಾದದ ಮೇಲೆ ಬೇಡ, ಮಗುವಿನ ಮುಖದ ಮೇಲಿರಲಿ. ಒಂದೇ ಒಂದು ಬೆರಳು ಬುಡದಿಂದ ತುದಿವರೆಗೆ ಏಲಕ್ಕಿ ಬಾಳೆಹಣ್ಣಿನ ಹಾಗೆ ಉಬ್ಬಿದ್ದರೆ ಡಾಕ್ಟರಿಗೆ ಹೇಳಿ. ಸಂಧಿವಾತದ ಕೆಲವು ಬಗೆಗಳಲ್ಲಿ ಅದೊಂದು ಗುರುತು.

ಕೊನೆಗೆ ನಾಲ್ಕು ಹೆಜ್ಜೆ ತುದಿಗಾಲಲ್ಲಿ, ನಾಲ್ಕು ಹೆಜ್ಜೆ ಹಿಮ್ಮಡಿಯಲ್ಲಿ ನಡೆಸಿ. ಮಕ್ಕಳ ಕೀಲು ನೋಡಲು ಡಾಕ್ಟರುಗಳು ಬಳಸುವ ಪಿಗಾಲ್ಸ್ ಅನ್ನುವ ಪರೀಕ್ಷೆಯಲ್ಲೂ ಇದು ಇದೆ. ಹಿಮ್ಮಡಿ ನೆಲಕ್ಕೆ ಊರಲು ಮಗು ಹಿಂದೇಟು ಹಾಕಿದರೆ ಅಸಡ್ಡೆ ಮಾಡಬೇಡಿ. ಇಂಥ ಟೆಂಡನ್ ಮೂಳೆಗೆ ಕೂಡುವ ಜಾಗದಲ್ಲೇ ಉರಿಯೂತ ಬರುವ ಬಗೆಯೊಂದಿದೆ, ಎಂಥೆಸೈಟಿಸ್ ಅಂತಾರೆ. ನಮ್ಮ ದೇಶದಲ್ಲಿ ಇದು ಸಾಕಷ್ಟು ಕಾಣಸಿಗುತ್ತದೆ, ಅದರಲ್ಲೂ ಸ್ವಲ್ಪ ದೊಡ್ಡ ಗಂಡುಮಕ್ಕಳಲ್ಲಿ. "ಆಟ ಜಾಸ್ತಿ ಆಯ್ತು, ಅದಕ್ಕೆ ಹಿಮ್ಮಡಿ ನೋವು" ಅಂತ ತಿಂಗಳುಗಟ್ಟಲೆ ಸುಮ್ನೆ ಇದ್ದುಬಿಡುವುದು ಇಂಥ ಕಡೆಯೇ.

ಹೆಜ್ಜೆ 2: ಒಂದು ವಿಡಿಯೋ, ಎರಡು ಫೋಟೋ

ನಮ್ಮ ಸರದಿ ಬರುವ ಹೊತ್ತಿಗೆ ಮಧ್ಯಾಹ್ನ 12 ದಾಟಿರುತ್ತದೆ. ಅಷ್ಟರಲ್ಲಿ ಕುಂಟು ಮಾಯ! ಮಗು ಡಾಕ್ಟರ ಎದುರು ಕುಣಿಯುತ್ತದೆ, ನಾವು ಸುಳ್ಳು ಹೇಳಿದವರ ಹಾಗೆ ನಿಲ್ಲುತ್ತೇವೆ. ಬೆಳಿಗ್ಗೆ ಹಾಸಿಗೆಯಿಂದ ಬಚ್ಚಲಿಗೆ ನಡೆಯುವುದನ್ನು ಹತ್ತು ಸೆಕೆಂಡ್ ವಿಡಿಯೋ ಮಾಡಿಕೊಳ್ಳಿ. ಪಾದದ ಫೋಟೋ ಹಿಂದಿನಿಂದ ಒಂದು, ಮುಂದಿನಿಂದ ಒಂದು. ಬಿಗಿತ ಬಿಡಲು ಎಷ್ಟು ನಿಮಿಷ ಹಿಡಿಯಿತು ಅಂತ ಕ್ಯಾಲೆಂಡರ್ ಮೇಲೆ ಬರೆದರೆ ಸಾಕು, ಬೇರೆ ಡೈರಿ ಬೇಡ.

ಹೆಜ್ಜೆ 3: ನಿಮಗೇನು ಬೇಕು ಅಂತ ಮೊದಲೇ ಯೋಚಿಸಿಕೊಂಡು ಹೋಗಿ

ಇದನ್ನು ನಾನು ಕಲಿತದ್ದು ತಡವಾಗಿ. ಡಾಕ್ಟರು ಹೇಳಿದ್ದಕ್ಕೆಲ್ಲ "ಆಯ್ತು ಸರ್" ಅಂದು ಬರುತ್ತಿದ್ದೆ. ಮನೆಗೆ ಬಂದ ಮೇಲೆ ಅದು ನಡೆಯುತ್ತಿರಲಿಲ್ಲ. ಒಮ್ಮೆ ಬರೆದುಕೊಟ್ಟ ಶೂ ಕಂದು ಬಣ್ಣದ್ದು, ಇಟ್ಟಿಗೆಯ ಹಾಗೆ ಭಾರ. ದುಡ್ಡು ಕೊಟ್ಟು ಮಾಡಿಸಿದೆವು. ಮಗಳು ಎರಡೇ ದಿನ ಹಾಕಿದಳು. ಮೂರನೇ ದಿನ ಮಂಚದ ಕೆಳಗೆ ತಳ್ಳಿದ್ದಳು. ತಪ್ಪು ಶೂವಿನದ್ದೂ ಅಲ್ಲ, ಅವಳದ್ದೂ ಅಲ್ಲ. ನನಗೆ ಏನು ಮುಖ್ಯ, ಅವಳಿಗೆ ಏನು ಮುಖ್ಯ ಅಂತ ಆ ಕೋಣೆಯಲ್ಲಿ ನಾನು ಬಾಯಿ ಬಿಟ್ಟು ಹೇಳಿರಲೇ ಇಲ್ಲ.

ಬೆಂಚಿನ ಮೇಲೆ ಕೂತಾಗ ಕೇಳಿ ನೋಡಿ, ಒಬ್ಬೊಬ್ಬರಿಗೂ ಒಂದೊಂದು ಬೇಕು. ಹಳ್ಳಿಯಿಂದ ರಾತ್ರಿ ಬಸ್ಸಿಗೆ ಬರುವ ಅಪ್ಪನಿಗೆ ಎಲ್ಲ ಒಂದೇ ದಿನ ಮುಗಿಯಬೇಕು. ಶಾಲೆ ತಪ್ಪಬಾರದು ಅನ್ನುವುದು ಇನ್ನೊಬ್ಬರ ಚಿಂತೆ. ಕೆಲವರಿಗೆ ಯಂತ್ರ, ಸಾಧನ ಬೇಡ, ವ್ಯಾಯಾಮ ಹೇಳಿಕೊಡಿ ಅಂತ. ಕೆಲವರಿಗೆ ಅದರ ಉಲ್ಟಾ. ದಿನಾ ವ್ಯಾಯಾಮ ಮಾಡಿಸಲು ಮನೆಯಲ್ಲಿ ಜನ ಇಲ್ಲ, ಶೂವಿನೊಳಗೆ ಇಟ್ಟು ಮರೆಯುವಂಥದ್ದು ಕೊಡಿ ಅಂತ. ಇದರಲ್ಲಿ ಸರಿ ತಪ್ಪು ಇಲ್ಲ, ಆದರೆ ಹೇಳಬೇಕು. ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ನಾನು ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಇಷ್ಟು. ಮೊದಲಿಗೆ, "ಡಾಕ್ಟ್ರೇ, ಇವತ್ತು ಪಾದವನ್ನೂ ನೋಡಿಬಿಡಿ" ಅನ್ನುತ್ತೇನೆ, ಅನ್ನುತ್ತಲೇ ಸಾಕ್ಸ್ ಬಿಚ್ಚಿಬಿಡುತ್ತೇನೆ. ಬಿಚ್ಚಿದ ಕಾಲನ್ನು ಯಾರೂ ನೋಡದೆ ಕಳಿಸುವುದಿಲ್ಲ. ಆಮೇಲೆ, ನೀವು ಹೇಳುತ್ತಿರುವುದು ಯಾವ ನೋವಿಗೆ, ಎಷ್ಟು ವಾರದಲ್ಲಿ ಫರಕು ಗೊತ್ತಾಗಬೇಕು, ಗೊತ್ತಾಗದಿದ್ದರೆ ಮುಂದೇನು? ಕಡಿಮೆ ಖರ್ಚಿನದ್ದರಿಂದ ಶುರು ಮಾಡಬಹುದಾ? ಮಧ್ಯೆ ಕಾಲು ಕಚ್ಚಿದರೆ, ಊದಿದರೆ ಫೋನ್ ಮಾಡುವುದು ಯಾರಿಗೆ? ಈ ಕೊನೆಯ ಪ್ರಶ್ನೆಗೆ ಒಂದು ಹೆಸರು, ಒಂದು ನಂಬರ್ ಸಿಗುವವರೆಗೆ ಏಳಬೇಡಿ.

ಮಗುವನ್ನೂ ಕೇಳಿ. "ಕಾಲು ಸರಿ ಹೋದ್ರೆ ಏನು ಮಾಡ್ಬೇಕು ಅಂತಿದೀಯ ಪುಟ್ಟಿ?" ಅಂತ ನಮ್ಮ ಫಿಸಿಯೋ ಕೇಳಿದಾಗ ಅವಳು ಹೇಳಿದ್ದು, ಕುಂಟೆಬಿಲ್ಲೆ. ನಾನು ಅಂದುಕೊಂಡಿದ್ದು ಮೆಟ್ಟಿಲು ಹತ್ತುವುದು. ಅವತ್ತಿನಿಂದ ವ್ಯಾಯಾಮವೆಲ್ಲ ಕುಂಟೆಬಿಲ್ಲೆಯ ಲೆಕ್ಕದಲ್ಲೇ ನಡೆಯಿತು.

ಹೆಜ್ಜೆ 4: ಶೂ, ಚಪ್ಪಲಿ

"ಮೇಡಂ, ಒಂದು ಸೈಜ್ ದೊಡ್ಡದೇ ತಗೊಳ್ಳಿ, ಎರಡು ವರ್ಷ ಬರುತ್ತೆ." ಈ ಮಾತು ಕೇಳದ ಅಂಗಡಿ ಇಲ್ಲ. ನಾವೆಲ್ಲ ಹಾಗೇ ಬೆಳೆದವರು. ಆದರೆ ಸಡಿಲ ಶೂ ಜಾರದಿರಲಿ ಅಂತ ಮಗು ಬೆರಳು ಮಡಚಿ ಹಿಡಿದು ನಡೆಯುತ್ತದೆ. ಊದಿದ ಕೀಲಿಗೆ ಅದು ಇನ್ನಷ್ಟು ಕೆಲಸ. ಎಡವುವುದು ಬೇರೆ.

ಅಂಗಡಿಗೆ ಸಂಜೆ ಹೋಗಿ. ಬೆಳಗಿಗಿಂತ ಸಂಜೆ ಪಾದ ಸ್ವಲ್ಪ ಊದಿರುತ್ತದೆ. ಸಂಧಿವಾತದ ಔಷಧಿ ಮೆಥೊಟ್ರೆಕ್ಸೇಟ್ ಕೊಡುವ ದಿನ, ಅದರ ಮಾರನೇ ದಿನ ಬೇಡ, ಅದರಿಂದ ವಾಕರಿಕೆ ಬರಬಹುದು. ವಾಕರಿಕೆಯಲ್ಲಿರುವ ಮಗುವಿಗೆ ಯಾವ ಶೂ ಹಾಕಿದರೂ ಕಚ್ಚುತ್ತದೆ. ಹೊರಡುವ ಮುಂಚೆ ಮನೆಯಲ್ಲೇ ಹಳೇ ಪೇಪರ್ ಮೇಲೆ ಮಗುವನ್ನು ನಿಲ್ಲಿಸಿ. ಕೂತಲ್ಲ, ನಿಂತೇ. ಪೆನ್ಸಿಲ್ ನೆಟ್ಟಗೆ ಹಿಡಿದು ಎರಡೂ ಪಾದದ ಸುತ್ತ ಗೀಟು ಎಳೆದು ಕತ್ತರಿಸಿ. ಅಂಗಡಿಯಲ್ಲಿ ಆ ಪೇಪರ್ ಪಾದವನ್ನು ಶೂವಿನೊಳಗೆ ಹಾಸಿ ನೋಡಿ. ಅಂಚು ಮಡಚಿ ಮೇಲೆದ್ದರೆ ಆ ಶೂ ಅಗಲ ಸಾಲದು, ಎಷ್ಟೇ ಚೆಂದ ಇದ್ದರೂ ವಾಪಸ್ ಇಡಿ. ಉರಿಯೂತ ಇದ್ದ ಕಡೆ ಮೂಳೆಯ ಬೆಳವಣಿಗೆಯೂ ಏರುಪೇರಾಗಬಹುದು. ಹಾಗಾಗಿ ಎರಡು ಪಾದ ಒಂದೇ ಅಳತೆ ಇರದಿದ್ದರೆ ದೊಡ್ಡ ಪಾದಕ್ಕೆ ಸರಿಯಾಗುವ ಜೋಡಿ ತಗೊಳ್ಳಿ, ಚಿಕ್ಕದರಲ್ಲಿ ತೆಳು ಹಾಸು ಹಾಕಿಕೊಳ್ಳಬಹುದು.

ಶೂ ಹಾಕಿ ನಿಂತಾಗ ಉದ್ದನೆಯ ಬೆರಳಿನ ಮುಂದೆ ನಿಮ್ಮ ಹೆಬ್ಬೆರಳಿನ ಅಗಲದಷ್ಟು ಜಾಗ ಇರಲಿ. ಹಿಮ್ಮಡಿ ಹಿಡಿಯುವ ಹಿಂಭಾಗ ಗಟ್ಟಿ ಇರಬೇಕು, ಬೆರಳಲ್ಲಿ ಅದುಮಿದರೆ ಕುಸಿಯಬಾರದು. ಶೂವನ್ನು ಕೈಯಲ್ಲಿ ಹಿಡಿದು ಮಡಚಿ. ಬೆರಳಿನ ಬುಡದ ಹತ್ತಿರ ಬಾಗಬೇಕು, ನಡುವೆ ಚಪಾತಿಯ ಹಾಗೆ ಮಡಚಿಕೊಳ್ಳಬಾರದು. ಒದ್ದೆ ಬಟ್ಟೆಯ ಹಾಗೆ ಹಿಂಡಲು ಬಂದರೂ ಬೇಡ. ಕೈಬೆರಳಲ್ಲೂ ನೋವಿದ್ದರೆ ಲೇಸ್ ಕಷ್ಟ, ವೆಲ್ಕ್ರೋ ಪಟ್ಟಿ ಒಳ್ಳೆಯದು. ಊತ ಇದ್ದ ದಿನ ಸಡಿಲ ಮಾಡಿಕೊಳ್ಳಲೂ ಆಗುತ್ತದೆ.

ಚಪ್ಪಲಿಯ ವಿಚಾರಕ್ಕೆ ಬಂದರೆ, ಉಂಗುಷ್ಠ ಮಾತ್ರ ಇರುವ ಹವಾಯಿ ಚಪ್ಪಲಿ ಬೇಡ. ಅದು ಬಿದ್ದುಹೋಗದಿರಲಿ ಅಂತ ಹೆಜ್ಜೆ ಹೆಜ್ಜೆಗೂ ಬೆರಳು ಮಡಚಿ ಬಿಗಿ ಹಿಡಿಯಬೇಕು. ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಪರವಾಗಿಲ್ಲ. ಆರ್ಥೋಟಿಕ್ ಅಂಗಡಿಯಲ್ಲಿ ಎಂಸಿಆರ್ ಚಪ್ಪಲಿ ಅಂತ ಸಿಗುತ್ತದೆ, ಒಳಗಿನ ರಬ್ಬರ್ ಮೆತ್ತಗಿರುತ್ತದೆ. ಅಜ್ಜಿಯ ಸಕ್ಕರೆ ಕಾಯಿಲೆಗೆ ತರುತ್ತೀವಲ್ಲ, ಅದೇ. ಮಕ್ಕಳ ಅಳತೆಯಲ್ಲಿ ಸಿಗದಿದ್ದರೆ ಕೆಲವರು ಅಳತೆ ಕೊಟ್ಟು ಮಾಡಿಸುತ್ತಾರೆ.

ಎರಡು ಮೂರು ತಿಂಗಳಿಗೊಮ್ಮೆ ಹೆಬ್ಬೆರಳು ಇಟ್ಟು ಮತ್ತೆ ಜಾಗ ನೋಡಿ. ಹಳೇ ಶೂ ಬಿಸಾಡಬೇಡಿ. ಅಟ್ಟೆ ಎಲ್ಲಿ ಸವೆದಿದೆ ಅನ್ನುವುದರಲ್ಲೇ ನಡಿಗೆ ಗೊತ್ತಾಗುತ್ತದೆ. ಆಸ್ಪತ್ರೆಗೆ ಹೋಗುವಾಗ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.

ಹೆಜ್ಜೆ 5: ಇನ್‌ಸೋಲ್ ಬೇಕೋ ಬೇಡವೋ

ಇನ್‌ಸೋಲ್ ಅಂದರೆ ಪಾದಕ್ಕೆ ಆಸರೆಯಾಗಿ ಶೂವಿನೊಳಗೆ ಇಡುವ ಹಾಸು. ಎಲ್ಲ ಮಕ್ಕಳಿಗೂ ಬೇಕಿಲ್ಲ. ಪುಟ್ಟ ಮಕ್ಕಳ ಪಾದ ಚಪ್ಪಟೆ ಇರುವುದು ಸಹಜ, ಅದೊಂದೇ ಕಾರಣಕ್ಕೆ ಇನ್‌ಸೋಲ್ ಬೇಡ. ಉರಿಯೂತದಿಂದ ಪಾದ ಒಳಗೆ ವಾಲಿ, ನಡೆದಾಗ ನೋವಿದ್ದರೆ ಅದು ಬೇರೆ ಮಾತು. ಜೆಐಎ ಮಕ್ಕಳ ಮೇಲೆ ನಡೆದ ಕೆಲವು ಸಣ್ಣ ಅಧ್ಯಯನಗಳಲ್ಲಿ ಸರಿಯಾಗಿ ಹೊಂದಿಸಿದ ಇನ್‌ಸೋಲ್‌ನಿಂದ ನೋವು ಕಡಿಮೆಯಾಗಿದೆ. ರೆಡಿಮೇಡ್ ತಂದು ಆ ಮಗುವಿನ ಪಾದಕ್ಕೆ ತಕ್ಕ ಹಾಗೆ ಹೊಂದಿಸುವುದು ಒಂದು ದಾರಿ, ಅಚ್ಚು ತೆಗೆದು ಮಾಡಿಸುವುದು ಇನ್ನೊಂದು. ಬೆಳೆಯುವ ಮಗುವಿಗೆ ದುಬಾರಿಯದ್ದು ಬೇಗ ಚಿಕ್ಕದಾಗುತ್ತದೆ. ನಾನಂತೂ ಮೊದಲನೆಯದರಿಂದ ಶುರು ಮಾಡಿ ಅನ್ನುತ್ತೇನೆ. ಬೆಂಗಳೂರಿನ ಹತ್ತಿರ ಇರುವವರಿಗೆ ಜೆ.ಪಿ. ನಗರದ ಮೊಬಿಲಿಟಿ ಇಂಡಿಯಾದಂಥ ಸಂಸ್ಥೆಗಳಿವೆ, ಮುಂಬೈ ಕನ್ನಡಿಗರಿಗೆ ಹಾಜಿ ಅಲಿಯ ಹತ್ತಿರದ ಅಖಿಲ ಭಾರತ ಭೌತಿಕ ವೈದ್ಯ ಮತ್ತು ಪುನರ್ವಸತಿ ಸಂಸ್ಥೆ ಇದೆ. ದೊಡ್ಡ ಆಸ್ಪತ್ರೆಗಳ ಫಿಸಿಯೋಥೆರಪಿ ವಿಭಾಗದಲ್ಲಿ ಕೇಳಿದರೆ ಆರ್ಥೋಟಿಸ್ಟ್ ಎಲ್ಲಿದ್ದಾರೆ ಅಂತ ಹೇಳುತ್ತಾರೆ.

ಅಳತೆ ಕೊಡಲು ಹೋಗುವಾಗ ಶಾಲೆಯ ಶೂ ಒಯ್ಯಿರಿ. ಮೊದಲ ಸಲ ನಾವು ಬರಿಗೈಲಿ ಹೋಗಿ, ಬಂದ ಇನ್‌ಸೋಲ್ ಶೂವಿನೊಳಗೆ ಹೋಗಲೇ ಇಲ್ಲ! ಶೂವಿನ ಒಳಹಾಸು ಕಿತ್ತರೆ ಜಾಗ ಆಗುತ್ತದೆ. ಮೊದಲ ದಿನ ಒಂದು ಗಂಟೆ, ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸಿ ಒಂದೆರಡು ವಾರಕ್ಕೆ ಪೂರ್ತಿ. ಬಿಚ್ಚಿದ ಮೇಲೆ ಅರ್ಧ ಗಂಟೆಯಾದರೂ ಕೆಂಪು ಗುರುತು ಹೋಗದಿದ್ದರೆ ವಾಪಸ್ ಒಯ್ದು ತಿದ್ದಿಸಿ. "ಅಭ್ಯಾಸ ಆಗುತ್ತೆ ಬಿಡಿ" ಅಂದರೆ ಒಪ್ಪಬೇಡಿ. ಒಂದು ಕಾಲು ಉದ್ದ ಆಗಿದೆ ಅನ್ನಿಸಿದರೆ ನೀವೇ ಹಿಮ್ಮಡಿಗೆ ರಟ್ಟು ಇಡಬೇಡಿ, ಅದನ್ನು ಅಳೆಯಿಸಿಯೇ ಮಾಡಬೇಕು.

ಹೆಜ್ಜೆ 6: ದಿನದ ಆರೈಕೆ

ಬೆಳಿಗ್ಗೆ ಬಿಗಿತ ಇದ್ದರೆ ಒಂದು ಟಬ್‌ನಲ್ಲಿ ಬೆಚ್ಚಗಿನ ನೀರು, ಹತ್ತು ಹದಿನೈದು ನಿಮಿಷ. ನೀರನ್ನು ಮೊಣಕೈ ಅದ್ದಿ ನೋಡಿ. ಆ ಹೊತ್ತಲ್ಲೇ ವ್ಯಾಯಾಮವೂ ಆಗಿಹೋಗಲಿ. ಇಂಗ್ಲಿಷ್ ಅಕ್ಷರ ಬರೆಸಿ ಅಂತ ಫಿಸಿಯೋ ಹೇಳಿದ್ದರು, ನಾವು ಕನ್ನಡದಲ್ಲೇ ಬರೆಸುತ್ತೇವೆ. ನೀರೊಳಗೆ ಹೆಬ್ಬೆರಳಿನಿಂದ ಅ ಆ ಇ ಈ. ನಮ್ಮ ಅಕ್ಷರ ಎಲ್ಲ ಗುಂಡು ಗುಂಡು. ಋ ಬರೆಯುವಷ್ಟರಲ್ಲಿ ಕಾಲಿನ ಗಿಣ್ಣು ಎಲ್ಲ ದಿಕ್ಕಿಗೂ ತಿರುಗಿ ಬಂದಿರುತ್ತದೆ.

ಎಣ್ಣೆ ಹಚ್ಚಿ ಮೆತ್ತಗೆ ಸವರಿದರೆ ತೊಂದರೆ ಇಲ್ಲ. ಊದಿ ಬಿಸಿಯಾಗಿರುವ ಕೀಲನ್ನು ಮಾತ್ರ ತಿಕ್ಕಬೇಡಿ, ನರ ಎಳೆಸಬೇಡಿ. ಊರಲ್ಲಿ ಉಳುಕು ತೆಗೆಯುವವರ ಹತ್ತಿರ ಕರೆದುಕೊಂಡು ಹೋಗಿ ಅಂತ ಹೇಳುವವರು ಇದ್ದೇ ಇರುತ್ತಾರೆ. ನಕ್ಕು ಸುಮ್ಮನಾಗಿ.

ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆ ಕೊರೆಯಬೇಡಿ. ಸ್ನಾನ ಆದ ಮೇಲೆ ಬೆರಳ ಸಂದು ಒಂದೊಂದಾಗಿ ಒರೆಸಿ, ಮಳೆಗಾಲದಲ್ಲಂತೂ ತಪ್ಪಿಸಬೇಡಿ. ಮೆಥೊಟ್ರೆಕ್ಸೇಟ್, ಸ್ಟೀರಾಯ್ಡ್, ಬಯಾಲಜಿಕ್ ಇಂಜೆಕ್ಷನ್ ತಗೊಳ್ಳುವ ಮಕ್ಕಳಿಗೆ ಸೋಂಕಿನ ಭಯ ಜಾಸ್ತಿ. ಉಗುರುಸುತ್ತು, ಕೀವು, ಸಂದಿನಲ್ಲಿ ತುರಿಕೆ, ಅಂಗಾಲಿನಲ್ಲಿ ನರೂಲಿ ಕಂಡರೆ ತೋರಿಸಿಬಿಡಿ. ಆಣಿ ಕರಗಿಸುವ ಪಟ್ಟಿಯನ್ನು ಮೆಡಿಕಲ್ ಸ್ಟೋರಿನಿಂದ ತಂದು ನೀವೇ ಅಂಟಿಸಬೇಡಿ, ಅದರಲ್ಲಿ ಚರ್ಮ ಸುಡುವ ಆಸಿಡ್ ಇರುತ್ತದೆ.

ಹೆಜ್ಜೆ 7: ಶಾಲೆ, ಮನೆ, ಅಜ್ಜಿ

ಶಾಲೆಗೆ ಡಾಕ್ಟರ ಒಂದು ಚೀಟಿ ಸಾಕಾಗುತ್ತದೆ. ಬರೆಸುವಾಗ ಬಿಡಿಬಿಡಿಯಾಗಿ ಬರೆಸಿ. ಕರಿ ಶೂ ಬದಲು ಕರಿ ಬಣ್ಣದ್ದೇ ಸ್ಪೋರ್ಟ್ಸ್ ಶೂ ಹಾಕಬಹುದು. ಬೆಳಗಿನ ಪ್ರಾರ್ಥನೆಯಲ್ಲಿ ಕೂರಬಹುದು. ಪಿಟಿ ಬಿಡಿಸಬಾರದು, ನೋವಿದ್ದ ದಿನ ಅವಳೇ ಹೇಳಿ ನಿಲ್ಲಿಸಬಹುದು. "ವಿಶೇಷ ಕಾಳಜಿ ವಹಿಸಿ" ಅಂತ ಬರೆಸಿದರೆ ಮಗುವನ್ನು ಮೂಲೆಯಲ್ಲಿ ಕೂರಿಸಿಬಿಡುತ್ತಾರೆ.

ಮನೆಯ ತಂಟೆ ಬೇರೆ. ನಮ್ಮ ಮನೆಯಲ್ಲಿ ಟೈಲ್ಸ್ ನೆಲ, ಡಿಸೆಂಬರಿನಲ್ಲಿ ಮಂಜುಗಡ್ಡೆ. ಒಳಗೆ ಚಪ್ಪಲಿ ಹಾಕಬೇಕು ಅಂದಾಗ ನಮ್ಮತ್ತೆ ಒಂದು ವಾರ ಮುಖ ಕೊಟ್ಟು ಮಾತಾಡಲಿಲ್ಲ. "ಚಪ್ಪಲಿ ಹಾಕ್ಕೊಂಡು ಅಡುಗೆಮನೆಗೆ ಬರ್ತಾಳಾ?" ಕೊನೆಗೆ ಹೊಸ್ತಿಲು ದಾಟದ ಹೊಸ ಜೋಡಿಯೊಂದನ್ನು ತಂದೆವು. ಅದನ್ನು ಅತ್ತೆಯ ಕೈಯಲ್ಲೇ ತೊಳೆಸಿ, ಅತ್ತೆಯೇ ಹಾಕಿಸಿದರು. ದೇವರ ಮನೆಗೆ ಮಾತ್ರ ಬರಿಗಾಲು, ಅಲ್ಲಿ ಒಂದು ಚಾಪೆ. ದೇವಸ್ಥಾನಕ್ಕೆ ಕಲ್ಲು ಕಾಯುವ ಮುಂಚೆ, ಬೆಳಿಗ್ಗೆಯೇ ಹೋಗಿಬರುತ್ತೇವೆ.

ಕುಕ್ಕರಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು ಪೂರ್ತಿ ನಿಲ್ಲಿಸಬೇಕಾ ಅಂತ ಎಲ್ಲರೂ ಕೇಳುತ್ತಾರೆ. ನೋವು, ಊತ ಇರುವಾಗ ಸ್ಟೂಲ್ ಮತ್ತು ಕಮೋಡ್. ಇಳಿದ ಮೇಲೆ ಎಷ್ಟು ಮಾಡಬಹುದು ಅಂತ ಫಿಸಿಯೋ ಹತ್ತಿರ ಕೇಳಿ.

ಕಾಯದೆ ಹೋಗಬೇಕಾದ್ದು ಯಾವಾಗ

ಜ್ವರದ ಜೊತೆ ಒಂದೇ ಕೀಲು ಕೆಂಪಾಗಿ, ಮುಟ್ಟಲು ಬಿಡದಷ್ಟು ನೋವಿದ್ದು, ಕಾಲು ಊರಲು ಆಗದಿದ್ದರೆ ಅದೇ ದಿನ, ಅದೇ ಗಂಟೆ ಆಸ್ಪತ್ರೆಗೆ ಹೋಗಿ. ಅದು ಸಂಧಿವಾತ ಮರುಕಳಿಸಿದ್ದೇ ಇರಬೇಕೆಂದಿಲ್ಲ, ಕೀಲಿನೊಳಗೆ ಕೀವು ತುಂಬಿರಬಹುದು. ಕೀಲಿಗೆ ಇಂಜೆಕ್ಷನ್ ಕೊಟ್ಟ ಮೇಲೆ ನೋವು, ಕೆಂಪು ಏರುತ್ತಾ ಹೋದರೂ ಹೀಗೇ. ಪಾದದ ಗಾಯದ ಸುತ್ತ ಕೆಂಪು ಹರಡುತ್ತಿದ್ದರೆ ಪೆನ್ನಿನಿಂದ ಅಂಚಿಗೆ ಗೀಟು ಹಾಕಿ ಹೊರಡಿ, ದಾರಿಯಲ್ಲಿ ಎಷ್ಟು ಹರಡಿತು ಅಂತ ಡಾಕ್ಟರಿಗೆ ತೋರಿಸಬಹುದು. ಯಾವ ಔಷಧಿ, ಕೊನೆಯ ಡೋಸ್ ಯಾವತ್ತು ಅನ್ನುವ ಚೀಟಿ ಜೊತೆಗಿರಲಿ. ನಮ್ಮದು ಶೂ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿದೆ, ಪಕ್ಕದಲ್ಲಿ ಫಿಸಿಯೋ ನಂಬರ್.